ಹೆಸರು ಮುಚ್ಚಿದ ಎರಡು ದೇಶ

ಪುಣೆಯ ವಿಮಾನ ನಗರದ ಒಂದು ಗಾಜಿನ ಕಟ್ಟಡದಲ್ಲಿ ಕೂತು ಮಿಥುನ ಎರಡು ದೇಶಗಳನ್ನು ಹೋಲಿಸುತ್ತಿದ್ದ. ಒಂದು ವಿಯೆಟ್ನಾಂ, ಇನ್ನೊಂದು ಬಾಂಗ್ಲಾದೇಶ. ಹೋಲಿಸಿ ಎಂದು ಆ ದೇಶಗಳೇನೂ ಅವನ ಕಾಲು ಹಿಡಿದಿರಲಿಲ್ಲ. ತಿಪಟೂರಿನ ಹುಡುಗನೊಬ್ಬ ತಮ್ಮನ್ನು ಹಗಲೆಲ್ಲ ದಿಟ್ಟಿಸಿ ನೋಡುತ್ತಿದ್ದಾನೆ ಎಂಬ ಸುದ್ದಿಯೂ ಅವಕ್ಕೆ ಮುಟ್ಟಿರಲಿಲ್ಲ. ಆದರೂ ಮಿಥುನ ವರ್ಷಗಳಿಂದ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದ. ಯಾವ ದೇಶ ತನ್ನ ದುಡಿಮೆಯಲ್ಲಿ ಎಷ್ಟು ಪಾಲನ್ನು ರಸ್ತೆ, ಬಂದರು, ಕಾರ್ಖಾನೆ, ಯಂತ್ರ ಎಂದು ಮುಂದಿನ ದಿನಗಳಿಗಾಗಿ ಹೂಡಿತು, ಎಷ್ಟನ್ನು ಉಂಡು ಉಟ್ಟು ಮುಗಿಸಿತು, ಇಪ್ಪತ್ತೈದು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ. ಪರದೆಯ ಮೇಲೆ ಎರಡು ಗೆರೆ. ಒಂದು ಜೋರಾಗಿ ಮೇಲೇರಿ ಆಮೇಲೆ ಇಳಿದಿತ್ತು. ಇನ್ನೊಂದು ಮೆತ್ತಗೆ ಹತ್ತುತ್ತ ಬಂದಿತ್ತು. ಈ ಎರಡು ಗೆರೆಗಳಿಗೆ ವರ್ಷಕ್ಕೊಂದು ದಪ್ಪನೆಯ ವರದಿ. ಗಿರಾಕಿಗಳು ಅದರ ಮೊದಲ ಪುಟ ಓದಿ, ಕೊನೆಯ ಪುಟ ತಿರುವಿ, ನಡುವಿನದ್ದನ್ನು ದೇವರಿಗೆ ಬಿಡುತ್ತಿದ್ದರು.

ಅವನ ಮೇಲಿನ ಅಧಿಕಾರಿ ಸ್ವಪ್ನಿಲ್ ಒಳ್ಳೆಯ ಮನುಷ್ಯ. ಯಾವ ದೇಶ ಗೆಲ್ಲಬೇಕೆಂದು ಗಿರಾಕಿ ಹೇಳುತ್ತಾನೆ, ಗೆರೆ ಯಾವ ವರ್ಷದಿಂದ ಶುರುವಾದರೆ ಅದು ಗೆಲ್ಲುತ್ತದೆಂದು ನಾವು ನೋಡಿಕೊಳ್ಳಬೇಕು ಎಂಬುದಷ್ಟೇ ಅವನ ಅರ್ಥಶಾಸ್ತ್ರ. ಮಿಥುನನಿಗೆ ಇದು ಸೇರುತ್ತಿರಲಿಲ್ಲ. ಸೇರದಿದ್ದರೂ ಮಾಡಿಕೊಡುತ್ತಿದ್ದ, ಅದು ಬೇರೆ ಮಾತು. ಆದರೆ ಊಟದ ಹೊತ್ತಿನಲ್ಲಿ, ಕೇಳುವವರು ಸಿಕ್ಕಿದರೆ, ಅವನದೊಂದು ಸಿದ್ಧಾಂತವಿತ್ತು. ದೇಶಗಳ ಹೆಸರು ಮುಚ್ಚಿ ಬರೀ ಅಂಕಿಯನ್ನು ನೋಡಬೇಕು. ಹೆಸರು ಕಂಡರೆ ಪ್ರೀತಿ ಬರುತ್ತದೆ, ಪ್ರೀತಿ ಬಂದರೆ ಲೆಕ್ಕ ಕೆಡುತ್ತದೆ. ತಾನು ಹಾಗೆ ನೋಡಬಲ್ಲ ಪುಣೆಯ ಕೆಲವೇ ಜನರಲ್ಲಿ ಒಬ್ಬ ಎಂದು ಅವನು ನಂಬಿದ್ದ. ಉಳಿದ ಆ ಕೆಲವರು ಯಾರೆಂದು ಅವನೂ ಹೇಳಿರಲಿಲ್ಲ.

ಸಂಬಳ ಚೆನ್ನಾಗಿತ್ತು, ವರ್ಷವರ್ಷವೂ ಏರುತ್ತಿತ್ತು. ಬಾಡಿಗೆಯ ಫ್ಲಾಟು, ಕಂತಿನ ಕಾರು, ಹೊರದೇಶದಿಂದ ತರಿಸಿದ ಕಾಫಿ ಯಂತ್ರ, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಎಣಿಸಲು ಹೆಜ್ಜೆಗಳೇ ಇರುತ್ತಿರಲಿಲ್ಲ ಎಂಬುದು ಗಡಿಯಾರದ ತಪ್ಪಲ್ಲ. ಜಿಮ್ಮಿಗೆ ಇಡೀ ವರ್ಷದ ಹಣ ಕಟ್ಟಿ ಎರಡು ಸಲ ಹೋಗಿ ಬಂದಿದ್ದ.

ಹೀಗಿರುವಾಗ ವಧು-ವರರ ಜಾಲತಾಣವೊಂದರಲ್ಲಿ ಅವನಿಗೆ ಮಾಧುರಿ ಸಿಕ್ಕಳು. ಹಡಪಸರದ ಹುಡುಗಿ. ಮನೆ ಮಾತು ವಿಜಯಪುರದ ಕಡೆಯ ಕನ್ನಡ, ಬೀದಿಗಿಳಿದರೆ ಮರಾಠಿ. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ಮಂಡಿ ನೋವಿನ ಅಜ್ಜಂದಿರನ್ನು ಗದರಿಸಿ ನಡೆಸುವುದು ಅವಳ ಕೆಲಸ. ಇಬ್ಬರೂ ಮಾಲ್ ಒಂದರಲ್ಲಿ ಒಂದೆರಡು ಸಲ ಭೇಟಿಯಾದರು. ಜಿಮ್ಮಿನ ಕಥೆ ಕೇಳಿ ಅವಳು ಎಷ್ಟು ನಕ್ಕಳೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ನಗು ಮಿಥುನನನ್ನು ಮುಗಿಸಿಬಿಟ್ಟಿತು. ಅವನಿಗೆ ಅವಳು ಬೇಕಿತ್ತು. ಬೇರೆ ಯಾರ ಜೊತೆಗೂ ಹೋಲಿಸದೆ, ಹಿಂದಿನ ವರ್ಷಗಳನ್ನೆಲ್ಲ ನೋಡದೆ, ಸುಮ್ಮನೆ ಬೇಕಿತ್ತು. ಅವಳಿಗೂ ಅವನು ಹಿಡಿಸಿದ್ದ. ಇನ್ನುಳಿದದ್ದು ಹಿರಿಯರನ್ನು ದಾಟುವುದು.

ಒಂದು ಭಾನುವಾರ ಅವನ ತಂದೆ ಚಂದ್ರಪ್ಪ, ತಾಯಿ ಪುಟ್ಟತಾಯಮ್ಮ ತಿಪಟೂರಿನಿಂದ ಬಂದಿಳಿದರು. ಮೂವರೂ ಹಡಪಸರದ ವಾಹನಗಳ ಜಾತ್ರೆಯಲ್ಲಿ ಬೆಂದು, ಹುಡುಗಿಯ ಮನೆ ಮುಟ್ಟಿದರು. ಕೆಳಗೆ ಮಾಧುರಿಯ ತಂದೆ ರಾಮಲಿಂಗಪ್ಪನವರ ಕಾಳುಕಡಿಯ ಸಗಟು ಅಂಗಡಿ, ಮೇಲೆ ಮನೆ. ಮೂವತ್ತು ವರ್ಷದ ಹಿಂದೆ ಇಂಡಿ ತಾಲೂಕಿನಿಂದ ಬಂದು ಜೋಳ ಮಾರಿ ನೆಲೆ ನಿಂತ ಮನುಷ್ಯ. ತಾನು ಕಷ್ಟಪಟ್ಟು ಮೇಲೆ ಬಂದೆ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ಯಾರೂ ಹೇಳದಿದ್ದರೆ ತಾವೇ ಹೇಳುತ್ತಿದ್ದರು. ಉಪ್ಪಿಟ್ಟು, ಮಿರ್ಚಿ ಭಜಿ, ಶೇಂಗಾ ಹೋಳಿಗೆ ಬಂದವು. ಭಜಿಯ ಖಾರಕ್ಕೆ ಚಂದ್ರಪ್ಪನವರ ಕಣ್ಣಲ್ಲಿ ನೀರು ಬಂದದ್ದನ್ನು ರಾಮಲಿಂಗಪ್ಪ ಸಂಬಂಧ ಕೂಡಿಬರುವ ಸಂತೋಷವೆಂದು ತಿಳಿದುಕೊಂಡರು.

"ಮತ್ತ ಸಾಹೇಬ್ರ, ಏನ್ ಕೆಲಸಾ ಮಾಡ್ತೀರಿ?" ಎಂದು ಹುಡುಗನ ಕಡೆ ತಿರುಗಿದರು.

"ಡೆವಲಪಿಂಗ್ ಕಂಟ್ರೀಸ್ ಇರ್ತಾವಲ್ಲ ಅಂಕಲ್, ಅದರಲ್ಲಿ ಎರಡು ತಗೊಂಡು ಅವುಗಳ ಇನ್ವೆಸ್ಟ್‌ಮೆಂಟ್ ಲೆವೆಲ್‌ನ ವರ್ಷ ವರ್ಷ ಕಂಪೇರ್ ಮಾಡ್ತೀನಿ."

ರಾಮಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಹೆಂಡತಿ ಕಾಶವ್ವ ಭಜಿಯ ತಟ್ಟೆ ನೋಡಿದರು.

"ಅಂದ್ರ, ಎರಡು ದೇಶಾ ಹೋಲಸ್ತೀರಿ."

"ಹೌದು ಅಂಕಲ್."

"ಹೋಲಿಸಿದ ಮ್ಯಾಲೆ?" ಎಂದು ಕಾಶವ್ವ ಬಾಯಿ ಹಾಕಿದರು.

"ರಿಪೋರ್ಟ್ ಬರೀತೀನಿ ಆಂಟಿ."

"ಬರದ ಮ್ಯಾಲೆ?"

"ಮುಂದಿನ ವರ್ಷ ಮತ್ತೆ ಹೋಲಿಸ್ತೀನಿ."

"ಹಂಗಾರ ಕೆಲಸಾ ಕಾಯಂ ಅದ," ಎಂದು ಕಾಶವ್ವ ಗಂಡನಿಗೆ ಹೇಳಿ ನಿಶ್ಚಿಂತರಾದರು.

ಆದರೆ ರಾಮಲಿಂಗಪ್ಪ ಅಷ್ಟಕ್ಕೆ ಬಿಡಲಿಲ್ಲ. ಹೂಡಿಕೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಅದೇನು, ಹೇಗೆ ಎಂದು ಕೇಳಿದರು. ಮಿಥುನನ ಜನ್ಮದಲ್ಲಿ ಈವರೆಗೆ ಯಾರೂ ಅವನನ್ನು ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಅವನು ಅರಳಿಬಿಟ್ಟ.

"ಒಂದು ಮನೆ ಅನ್ಕೊಳ್ಳಿ ಅಂಕಲ್. ಬಂದ ದುಡ್ಡಲ್ಲಿ ಒಂದಷ್ಟು ತಿಂತೀರ, ಒಂದಷ್ಟರಲ್ಲಿ ಬೋರ್‌ವೆಲ್ ತೆಗೆಸ್ತೀರ. ತಿಂದಿದ್ದು ಹೋಯ್ತು. ಬೋರ್‌ವೆಲ್ ಮುಂದಿನ ವರ್ಷಾನೂ ನೀರು ಕೊಡುತ್ತೆ. ದೇಶಾನೂ ಅಷ್ಟೇ. ಎಷ್ಟು ದುಡೀತು ಅನ್ನೋದಲ್ಲ ಮುಖ್ಯ, ದುಡಿದಿದ್ದರಲ್ಲಿ ಮುಂದಕ್ಕೆ ಅಂತ ಎಷ್ಟು ಪಾಲು ಹಾಕ್ತು ಅನ್ನೋದು."

"ಒಂದ ವರ್ಷ ನೋಡಿದ್ರ ತಿಳಿಯೂದಿಲ್ಲೇನು?"

"ಒಂದು ವರ್ಷ ನೋಡಿದ್ರೆ ಅದು ಫೋಟೋ ಅಂಕಲ್. ಹತ್ತಿಪ್ಪತ್ತು ವರ್ಷ ನೋಡಿದ್ರೆ ಜಾತಕ."

"ಆಹಾ!" ಎಂದರು ರಾಮಲಿಂಗಪ್ಪ. "ಮತ್ತ ನೋಡಕೋತ ನೋಡಕೋತ ಒಂದರ ಮ್ಯಾಲ ನಿಮಗ ಜೀವ ಬಂತಂದ್ರ?"

"ಅದಕ್ಕೇ ನಾನು ಹೆಸರು ಮುಚ್ಚಿ ನೋಡೋದು," ಎಂದು ಮಿಥುನ ತನ್ನ ಸಿದ್ಧಾಂತವನ್ನು ಪೂರ್ತಿ ಬಿಚ್ಚಿಟ್ಟ. ಮಗ ಕಂಪ್ಯೂಟರಿನಲ್ಲಿ ಇದ್ದಾನೆಂದು ಊರಿಗೆಲ್ಲ ಹೇಳಿಕೊಂಡಿದ್ದ ಚಂದ್ರಪ್ಪ ಹೋಳಿಗೆಯಲ್ಲಿ ಮುಖ ಮರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಾಧುರಿ ಸೆರಗು ಬಾಯಿಗೊತ್ತಿ ನಗು ತಡೆದುಕೊಂಡಳು. ರಾಮಲಿಂಗಪ್ಪ ಮಾತ್ರ ನಗಲಿಲ್ಲ. ಹುಡುಗನನ್ನು ಒಂದು ಗಳಿಗೆ ನೋಡಿ, "ಮುಂದಿನ ವಾರ ಅಂಗಡಿಗೆ ಒಬ್ಬರ ಬರ್ರಿ, ಸ್ವಲ್ಪ ಮಾತಾಡೂದದ," ಎಂದರು.

ರಾಮಲಿಂಗಪ್ಪನವರ ತಲೆಯಲ್ಲಿ ಏನಿತ್ತು ಎಂಬುದನ್ನು ಮಿಥುನನಿಗೆ ಯಾರೂ ಹೇಳಲಿಲ್ಲ. ಓದುವವರಿಗೆ ಹೇಳಿಬಿಡುವುದು ಒಳ್ಳೆಯದು. ಮಾಧುರಿಗೆ ಇನ್ನೊಂದು ಸಂಬಂಧ ಬಂದಿತ್ತು. ಪುಣೆ ಬಳಿಯ ಶಿರೂರಿನಲ್ಲಿ ಬೇಳೆ ಮಿಲ್ಲು ನಡೆಸುವ ಚನ್ನವೀರ, ಅವರ ವಿಜಯಪುರದ ಕಡೆಯವನೇ. ಮಿಥುನನ ಫ್ಲಾಟು, ಕಾರು, ಜಿಮ್ಮಿನ ಕಥೆಯೆಲ್ಲ ಮಗಳ ಬಾಯಿಂದ ಮನೆಗೆ ಮುಟ್ಟಿತ್ತು. ಇಬ್ಬರು ಹುಡುಗರಲ್ಲಿ ಯಾರನ್ನು ಆರಿಸುವುದೆಂದು ರಾಮಲಿಂಗಪ್ಪ ತಿಂಗಳಿಂದ ಒದ್ದಾಡುತ್ತಿದ್ದರು. ಮಗಳನ್ನು ಕೇಳಬಹುದಿತ್ತು. ಆದರೆ ಅದು ತೀರ ಸುಲಭದ ದಾರಿ. ದೊಡ್ಡ ವ್ಯಾಪಾರಸ್ಥರು ಅಂಥ ದಾರಿಯನ್ನು ನಂಬುವುದಿಲ್ಲ. ಎರಡನ್ನು ಹೋಲಿಸುವುದಕ್ಕೆಂದೇ ಓದಿ, ಅದಕ್ಕೇ ಸಂಬಳ ತೆಗೆದುಕೊಳ್ಳುವ ಪರಿಣತ ಮನೆ ಬಾಗಿಲಿಗೆ ಬಂದು ಉಪ್ಪಿಟ್ಟು ತಿನ್ನುತ್ತಿರುವಾಗ ಬೇರೆಯವರನ್ನೇಕೆ ಕೇಳಬೇಕು?

ಮಿಥುನ ಹೇಳಿದ ದಿನ ಹೋದ. ಅಂಗಡಿ ತುಂಬ ಜೋಳ, ತೊಗರಿ, ಶೇಂಗಾದ ಚೀಲಗಳು. ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ ರಾಮಲಿಂಗಪ್ಪ ಮರಾಠಿಯಲ್ಲಿ "ಥಾಂಬಾ ಜರಾ" ಎಂದು ಕಾಯಲು ಹೇಳಿ, ಹುಡುಗನನ್ನು ಗಾದಿಯ ಮೇಲೆ ಕೂರಿಸಿಕೊಂಡರು.

"ನಮ್ಮ ಪೈಕಿ ಒಬ್ಬರು ಹೊರಗಿನ ದೇಶದಾಗ ಬಂಡವಾಳ ಹಾಕಬೇಕಂತ ಹೊಂಟಾರ. ಎರಡು ದೇಶಾ ಮುಂದ ಅದಾವ. ಒಂದನ್ನ ಹಿಡೀಬೇಕು, ಜನ್ಮಪೂರ್ತಿ. ನೀವು ಹೋಲಿಸಿ ಹೇಳ್ರಿ. ಹೆಸರು ಮಾತ್ರ ಕೇಳಬ್ಯಾಡ್ರಿ, ಮುಚ್ಚಿ ನೋಡಬೇಕಂತ ನೀವ ಹೇಳಿದ್ರಿ."

ಮಿಥುನನಿಗೆ ರೋಮಾಂಚನವಾಯಿತು. ಮಾವನಾಗುವವರು ತನ್ನ ವಿದ್ಯೆಯನ್ನು ಪರೀಕ್ಷಿಸುತ್ತಿದ್ದಾರೆ! ತೋಳು ಮಡಚಿ ಕೂತ. "ಹೇಳಿ ಅಂಕಲ್. ಮೊದಲನೇ ದೇಶ."

"ದುಡಿಮಿ ಭಾಳ ಛಲೋ ಅದ. ವರ್ಷಾ ವರ್ಷಾ ಏರತದ."

"ಗುಡ್."

"ಆದ್ರ ದುಡಿದದ್ದೆಲ್ಲಾ ಖರ್ಚ. ಹೊರಗಿಂದ ಸಾಮಾನು ತರಸೂದು ಭಾಳ. ಗಾಡಿ ತಗೊಂಡದ, ಸಾಲದಾಗ. ತನ್ನದು ಅಂತ ಒಂದ್ ಇಟ್ಟಂಗಿ ಇಟ್ಟಿಲ್ಲ. ಕುಂತ ಜಾಗಾ ಸೈತ ಬಾಡಿಗೀದು."

ಇಡೀ ದೇಶವೇ ಬಾಡಿಗೆಯ ಜಾಗದಲ್ಲಿದೆಯೆಂದರೆ ಯಾವುದೋ ಸಣ್ಣ ದ್ವೀಪವಿರಬೇಕು ಎಂದು ಮಿಥುನ ಅಂದಾಜು ಹಾಕಿದ. "ಹೆಲ್ತ್ ಕಡೆ ಹೇಗೆ ಅಂಕಲ್?"

"ಆರೋಗ್ಯದ ಸಲುವಾಗಿ ಪೂರಾ ವರ್ಷದ್ದು ಮೊದಲ ತುಂಬಿಬಿಡತದ. ಆಮ್ಯಾಲ ಆ ಕಡೆ ತಲೀ ಹಾಕೂದಿಲ್ಲ."

"ಟಿಪಿಕಲ್," ಎಂದು ಮಿಥುನ ಮರುಕದಿಂದ ತಲೆಯಾಡಿಸಿದ. "ಆಸ್ಪತ್ರೆ ಕಟ್ಟಿರ್ತಾರೆ, ಡಾಕ್ಟರೇ ಇರಲ್ಲ. ಎರಡನೇದು?"

"ಸಣ್ಣದು. ದುಡಿಮಿ ಅಷ್ಟಕ್ಕಷ್ಟ. ಆದ್ರ ಬಂದದ್ರಾಗ ದೊಡ್ಡ ಪಾಲು ಯಂತ್ರಕ್ಕ ಹಾಕತದ. ಒಂದ್ ವರ್ಷ ಗಿರಣಿ, ಒಂದ್ ವರ್ಷ ಗೋದಾಮು. ರೋಗ ಬಂದ ವರ್ಷ ಪೂರಾ ಬಂದ್ ಬಿದ್ದಿತ್ತು. ಮತ್ತ ಎದ್ದು ನಿಂತದ."

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಕಿವಿ ನೆಟ್ಟಗಾಗಬೇಕಿತ್ತು. ಹೊರಗೆ ಕಾಯುತ್ತಿದ್ದ ಗಿರಾಕಿಗೆ ಕನ್ನಡ ಬಂದಿದ್ದರೆ ಅವನಿಗೂ ತಿಳಿಯುತ್ತಿತ್ತು. ಆದರೆ ಮಿಥುನ ಪರಿಣತ. ಅವನು ದೇಶಗಳ ಬಗ್ಗೆ ಯೋಚಿಸುತ್ತಿದ್ದ.

"ಅಂಕಲ್, ಇದಕ್ಕೆ ರಿಪೋರ್ಟೇ ಬೇಡ," ಎಂದ. "ಮೊದಲನೇ ದೇಶ ಬರೀ ಶೋಕಿ. ನೋಡೋಕೆ ಚೆನ್ನಾಗಿರುತ್ತೆ, ಒಳಗೇನೂ ಇರಲ್ಲ. ಆದಾಯ ಏರ್ತಿದೆ ಅಂತ ಮೋಸ ಹೋಗ್ಬೇಡಿ. ನಿಮ್ಮವರು ಅಲ್ಲಿ ಒಂದು ರೂಪಾಯಿ ಹಾಕಿದ್ರೂ ಮುಳುಗ್ತಾರೆ. ಕಣ್ಣು ಮುಚ್ಚಿ ಎರಡನೇದನ್ನ ಹಿಡೀರಿ ಅಂತ ಹೇಳಿ."

"ಸುಧಾರಿಸೂದಿಲ್ಲೇನ್ರಿ ಅದು, ಮೊದಲನೇದು?" ರಾಮಲಿಂಗಪ್ಪನವರ ದನಿಯಲ್ಲಿ ಸ್ವಲ್ಪ ಆಸೆ ಇತ್ತು.

"ಇಂಥ ದೇಶಗಳು ಸುಧಾರಿಸಲ್ಲ ಅಂಕಲ್. ತಾವು ಹೀಗಿದೀವಿ ಅಂತ ಅವಕ್ಕೆ ಗೊತ್ತೇ ಇರಲ್ಲ."

ರಾಮಲಿಂಗಪ್ಪ ಕೆಮ್ಮಿದರು. ಚಹಾ ತರಿಸಿದರು. ಹೋಗುವಾಗ ಒಂದು ಕಿಲೋ ಶೇಂಗಾ ಕಟ್ಟಿಸಿಕೊಟ್ಟರು. ಕಂತಿನ ಕಾರಿನಲ್ಲಿ ಕೂತು ಮಿಥುನ ಸಿಳ್ಳೆ ಹಾಕುತ್ತ ಬಾಡಿಗೆಯ ಮನೆಗೆ ಬಂದ. ಪರೀಕ್ಷೆಯಲ್ಲಿ ಪಾಸಾದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಮರುದಿನ ಆಫೀಸಿನಲ್ಲಿರುವಾಗ ತಿಪಟೂರಿನಿಂದ ಚಂದ್ರಪ್ಪನವರ ಫೋನ್ ಬಂತು.

"ಲೋ, ಏನೋ ಬೊಗಳಿ ಬಂದೆ ಅವರ ಹತ್ರ?"

"ಯಾಕಪ್ಪಾ?"

"ನಿಮ್ಮ ಹುಡುಗಾನೇ ಬೇಡ ಅಂದ ಅಂತಾರಲ್ಲೋ ಆ ಯಜಮಾನ್ರು! ಯಾವುದೋ ಮೊದಲನೇ ದೇಶ ಅಂತೆ. ಅದು ನೀನಂತೆ ಕಣೋ. ಎರಡನೇದು ಶಿರೂರಲ್ಲಿ ಬೇಳೆ ಮಿಲ್ಲು ಇಟ್ಟಿರೋ ಚನ್ನವೀರ ಅನ್ನೋ ಹುಡುಗ. ಅವನಿಗೇ ಕೊಡಿ ಅಂತ ನೀನೇ ಗ್ಯಾರಂಟಿ ಕೊಟ್ಟು ಬಂದಿದೀಯಂತೆ. ನಿನ್ನ ಸಂಬಂಧ ನೀನೇ ಮುರ್ಕೊಳ್ಳಲಿ ಅಂತ ಓದಿಸಿದ್ನೇನೋ ನಾನು?"

ಮಿಥುನ ಒಂದೊಂದಾಗಿ ಎಣಿಸಿದ. ಬಾಡಿಗೆಯ ಜಾಗ, ಸಾಲದ ಗಾಡಿ, ಹಣ ಕಟ್ಟಿ ತಲೆ ಹಾಕದ ಆರೋಗ್ಯ. ದ್ವೀಪ ಮುಳುಗಿತು.

"ಇನ್ನೂ ಏನೂ ನಿಕ್ಕಿ ಮಾಡಿಲ್ಲ ಅಂತಾನೂ ಅಂದ್ರು," ಎಂದರು ಚಂದ್ರಪ್ಪ, ಸ್ವಲ್ಪ ತಣ್ಣಗಾಗಿ. "ಹುಡುಗನಿಗೆ ವಿಷಯ ತಿಳಿಸಿ, ಏನಂತಾರೆ ನೋಡೋಣ ಅಂದ್ರು. ಏನಾದ್ರೂ ಮಾಡು. ನಿಮ್ಮಮ್ಮ ಆಗಲೇ ಅತ್ತೂ ಕರೆದೂ ಮಾಡ್ತಾವಳೆ."

ಮಿಥುನನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಮನುಷ್ಯನನ್ನು ದೇಶಕ್ಕೆ ಹೋಲಿಸುವುದೇ? ಇದೆಂಥ ವಿಧಾನ? ಮಾಧುರಿಗೆ ಫೋನ್ ಮಾಡಲು ಅವಳ ಹೆಸರನ್ನು ತೆರೆದ. ಬೆರಳು ಹಾಗೇ ನಿಂತಿತು. ಏನೆಂದು ಹೇಳುವುದು? ಆಧಾರವಿಲ್ಲದೆ, ಅಂಕಿಯಿಲ್ಲದೆ, ಬರಿಗೈಯಲ್ಲಿ ಮಾತಾಡುವುದೇ? ಅವನು ಫೋನನ್ನು ಮಗುಚಿಟ್ಟು ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡ.

ಆ ವಾರ ವಿಯೆಟ್ನಾಂ, ಬಾಂಗ್ಲಾದೇಶಗಳು ಹೇಳುವವರು ಕೇಳುವವರಿಲ್ಲದೆ ತಮ್ಮ ಪಾಡಿಗೆ ಬಂಡವಾಳ ಹೂಡಿಕೊಂಡವು. ಮಿಥುನ ತನ್ನ ಬದುಕಿನ ಅತ್ಯುತ್ತಮ ವರದಿ ತಯಾರಿಸುತ್ತಿದ್ದ. ಹೂಡಿಕೆ ಎಂದರೇನು ಎಂಬುದನ್ನೇ ಮೊದಲು ಸರಿಪಡಿಸಿದ. ಬರೀ ಗಿರಣಿ ಗೋದಾಮುಗಳನ್ನು ಎಣಿಸುವುದು ಹಳೆಯ ಕಾಲದ ಲೆಕ್ಕ. ಅವನ ಓದು ಹೂಡಿಕೆ. ಕಾರು ಸಾರಿಗೆ ಸೌಕರ್ಯ. ಫೋನು ಡಿಜಿಟಲ್ ಸೌಕರ್ಯ. ಜಿಮ್ಮು ಮಾನವ ಸಂಪನ್ಮೂಲ. ಹೋಗದಿದ್ದರೂ ಸಾಮರ್ಥ್ಯ ಇದೆಯಲ್ಲ. ಕಾಫಿ ಯಂತ್ರ ಯಂತ್ರವೇ, ಹೆಸರಿನಲ್ಲೇ ಇದೆ. ಇನ್ನು ಚನ್ನವೀರನದು, ರಾಮಲಿಂಗಪ್ಪ ಅಂದು ಹೇಳಿದ್ದೇ ಅದಕ್ಕೆ ಆಧಾರ. ಅವನ ಗೆರೆಯನ್ನು ಎಲ್ಲಿಂದ ಶುರು ಮಾಡುವುದು? ಮಿಲ್ಲು ಶುರುವಾದ ವರ್ಷದಿಂದ ಹಿಡಿದರೆ ಗೆರೆ ಮೆತ್ತಗೆ ಏರುತ್ತ ಹೋಗುತ್ತಿತ್ತು. ಅದಕ್ಕೆ ಲಾಕ್‌ಡೌನಿಗೆ ಸ್ವಲ್ಪ ಮೊದಲಿಂದ ಹಿಡಿದು, ಮಿಲ್ಲು ಬಂದ್ ಬಿದ್ದ ವರ್ಷಕ್ಕೇ ನಿಲ್ಲಿಸಿದ. ಈಗ ಗೆರೆ ಧೊಪ್ಪೆಂದು ನೆಲಕ್ಕೆ ಬಿತ್ತು. ಮುಂದಿನ ವರ್ಷಗಳ ಮಾಹಿತಿ ಲಭ್ಯವಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ. ಸ್ವಪ್ನಿಲ್ ಹಿಂದಿನಿಂದ ಬಗ್ಗಿ ನೋಡಿ, "ಯಾವ ಕ್ಲೈಂಟ್? ಮಸ್ತ್ ಆಗಿದೆ," ಎಂದು ಹಿಂದಿಯಲ್ಲಿ ಮೆಚ್ಚಿ ಬೆನ್ನು ತಟ್ಟಿ ಹೋದ. ಅವನು ಮಿಥುನನ ಕೆಲಸವನ್ನು ಮನಸಾರೆ ಹೊಗಳಿದ್ದು ಅದೇ ಮೊದಲು.

ಕೊನೆಗೆ ಇಪ್ಪತ್ತು ಚಿಲ್ಲರೆ ಸ್ಲೈಡುಗಳು ಸಿದ್ಧವಾದವು. ಈ ಸಲ ಹೆಸರುಗಳನ್ನು ಮುಚ್ಚಿರಲಿಲ್ಲ. ರಾಮಲಿಂಗಪ್ಪನವರಿಗೂ ಮಾಧುರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ದೇವರಿಗೆ ಕೈ ಮುಗಿದ. ಮಾಧುರಿಯಿಂದ ಏನೂ ಬರಲಿಲ್ಲ. ರಾಮಲಿಂಗಪ್ಪನವರಿಂದ ಅಂಗಡಿಗೆ ಬರುವಂತೆ ಕರೆ ಬಂತು.

ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದ. ರಾಮಲಿಂಗಪ್ಪ ಕನ್ನಡಕ ಮೂಗಿಗಿಳಿಸಿ ಫೋನಿನಲ್ಲಿ ಸ್ಲೈಡುಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದರು.

"ಭಾರಿ ಚಂದ ಮಾಡೀರಿ," ಎಂದರು. "ಬಣ್ಣಾ ಏನು, ಗೆರಿ ಏನು! ಇದರಾಗ ನೀವ ಮ್ಯಾಲ ಅದೀರಿ."

"ಹೌದು ಅಂಕಲ್. ಅವತ್ತು ಡೇಟಾ ಪೂರ್ತಿ ಇರಲಿಲ್ಲ. ಈಗ ಸರಿಯಾಗಿದೆ."

"ಡೇಟಾ ಅದ ಇತ್ತಲ್ರಿ. ಹೆಸರು ಒಂದ ಹೊಸಾದು."

ರಾಮಲಿಂಗಪ್ಪ ಎದ್ದು ತೂಕದ ಯಂತ್ರದ ಪಕ್ಕ ನಿಂತರು. ಈ ಮಾತನ್ನು ಅವರು ಬೆಳಗಿನಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದರೆಂದು ಅವರ ನಿಲುವಿನಲ್ಲೇ ಗೊತ್ತಾಗುತ್ತಿತ್ತು.

"ನೋಡ್ರಿ ಸಾಹೇಬ್ರ. ನಮ್ಮ ದಂಧೇದಾಗ ತೂಗಾಕ ಹೊಸಾ ಮನಷ್ಯಾ ಬಂದಾಂದ್ರ ಒಂದ ಚೀಲಾ ಎರಡ ಸಲ ತೂಗಸ್ತೀವಿ. ಮೊದಲ ಸಲ ಯಾರ ಮಾಲು ಅಂತ ಹೇಳೂದಿಲ್ಲ. ಎರಡನೇ ಸಲ ಹೇಳ್ತೀವಿ. ಎರಡೂ ಸಲ ಒಂದ ತೂಕಾ ಬಂತಂದ್ರ ಅವನ್ನ ಇಟ್ಕೋತೀವಿ. ಚೀಲಾ ಹಗರ ಅದನೋ ವಜ್ಜ ಅದನೋ, ಅದು ನಮಗ ಬೇಕಾಗಿಲ್ಲ."

ಹೊರಗೆ ಟೆಂಪೋದವನೊಬ್ಬ ಹಾರ್ನ್ ಹೊಡೆಯುತ್ತಲೇ ಇದ್ದ.

"ಮೊದಲನೇ ಸಲ ನೀವು ನಿಮ್ಮನ್ನ ತೂಗಿದ್ರಲ್ಲ, ಅದು ಅಚ್ಚುಕಟ್ಟ ಇತ್ತು. ನನಗ ಭಾಳ ಸೇರ್ತು. ನಾ ಕಾಶವ್ವಗ ಹೇಳಿದೆ, ಈ ಹುಡುಗನ ಛಲೋ ಕಾಣ್ತಾನ, ಖರ್ಚು ಮಾಡೂದೇನು, ನಮ್ಮ ಮಾಧುರಿ ಬಿಡಸ್ತಾಳ. ಈಗ ಎರಡನೇ ಸಲ ತೂಗೀರಿ." ಫೋನನ್ನು ಚೀಲದ ಮೇಲೆ ಇಟ್ಟರು. "ಇದನ್ನ ಬಿಡಸೂದು ಆಕೀ ಕೈಲೇನೂ ಆಗೂದಿಲ್ಲ ಅನಸ್ತದ."

ಮಿಥುನ ಏನೋ ಹೇಳಬೇಕೆಂದುಕೊಂಡ. ವ್ಯಾಖ್ಯೆ ಬದಲಾದರೆ ಫಲಿತಾಂಶ ಬದಲಾಗುವುದು ಸಹಜ ಎಂಬ ವಾಕ್ಯವೊಂದೇ ತಲೆಗೆ ಬಂತು. ಅದನ್ನು ನುಂಗಿಕೊಂಡ.

"ನಂದು ಮುಗೀತು," ಎಂದರು ರಾಮಲಿಂಗಪ್ಪ. "ಇನ್ನ ಮಾಧುರಿ ಹೇಳಬೇಕು. ಆಕೀನ್ನೂ ಕೇಳಬೇಕಲ್ರಿ." ಈ ವಿಚಾರ ಇಷ್ಟು ಬೇಗ ಹೊಳೆದದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಮೆಚ್ಚುಗೆಯಾದಂತಿತ್ತು.

ಅಂಗಡಿಯ ಪಕ್ಕದಲ್ಲಿ ಮನೆಗೆ ಹತ್ತುವ ಕಲ್ಲಿನ ಮೆಟ್ಟಿಲು. ಮಾಧುರಿ ಅಲ್ಲಿಯೇ ನಿಂತಿದ್ದಳು. ಆಸ್ಪತ್ರೆಗೆ ಹೊರಟ ಬಟ್ಟೆ, ಹೆಗಲಿಗೆ ಚೀಲ. ಕಣ್ಣು ಸ್ವಲ್ಪ ಬಾತಿದ್ದವು. ಮಿಥುನ ಓಡುತ್ತ ಅವಳ ಹತ್ತಿರ ಹೋದ.

"ಮಾಧುರಿ, ನಿಮ್ಮಪ್ಪ ಮಾಡಿದ್ದು ಸರೀನಾ? ಇದು ಚೀಟಿಂಗ್ ಅಲ್ವಾ?"

"ಚೀಟಿಂಗ್ ಅದ," ಎಂದಳು ಮಾಧುರಿ. "ನಾ ಅವರ ಜೋಡಿ ಜಗಳಾಡೀನಿ. ಎರಡ ದಿನಾ ಊಟಾ ಬಿಟ್ಟಿದ್ದೆ. ಅಂಗಡ್ಯಾಗಿನ ಮಾಲು ಏನು ನಾ, ಹಿಂಗ ತೂಗಸಾಕ?"

"ಹಾಗಾದ್ರೆ..."

"ತಡೀರಿ. ನೀವು ಅಪ್ಪಾರಿಗೆ ಕೊಟ್ಟ ಉತ್ತರಾ ಕೇಳಿ ನಾ ಎಷ್ಟ ನಕ್ಕೆ ಗೊತ್ತೇನು? ಇಂಥ ದೇಶ ಸುಧಾರಿಸೂದಿಲ್ಲ, ತಾವು ಹಿಂಗ ಅದೀವಂತ ಅವಕ್ಕ ಗೊತ್ತ ಇರೂದಿಲ್ಲ ಅಂದ್ರಂತ. ಹೊಟ್ಟಿ ಹಿಡಕೊಂಡು ನಕ್ಕೆ. ಅವ್ವ ಬಂದು ನೀರು ಕೊಟ್ಲು." ಅವಳ ತುಟಿಯಲ್ಲಿ ಆ ನಗುವಿನ ಚೂರೊಂದು ಬಂದು ಹೋಯಿತು. "ವಿಷಯ ತಿಳದ ಮ್ಯಾಲೆ ನೀವೂ ನಗ್ತೀರಿ ಅಂತ ಮಾಡಿದ್ದೆ. ಫೋನ್ ಮಾಡ್ತೀರಿ, 'ಮಾಧುರಿ, ಆ ಮಂಗ್ಯಾನಂಥಾ ದೇಶ ನಾನ' ಅಂತೀರಿ, ಇಬ್ಬರೂ ಕೂಡಿ ನಗೂಣು ಅಂತ ಫೋನ್ ಕೈಯಾಗ ಹಿಡಕೊಂಡ ಕುಂತಿದ್ದೆ. ಪೇಶಂಟ್ ಮುಂದ ಇದ್ರೂ ಅದನ್ನ ನೋಡತಿದ್ದೆ. ಬಂದದ್ದು ಸ್ಲೈಡು."

"ನಿಮ್ಮನ್ನ ಕಳ್ಕೋಬಾರ್ದು ಅಂತಾನೇ ಅದನ್ನ ಮಾಡಿದ್ದು."

"ಇರಬಹುದು. ಪೂರಾ ಓದೀನಿ ನಾ, ಸಣ್ಣ ಅಕ್ಷರಾನೂ ಬಿಡದ. ಆ ಮಾತು ಒಂದ ಸ್ಲೈಡಿನಾಗೂ ಇಲ್ಲ. ಕಾಫಿ ಮಷೀನ್ ಅದ, ಕಾರ್ ಅದ, ಅವರ ಮಿಲ್ಲು ಬಂದ್ ಬಿದ್ದ ವರ್ಷ ಅದ. ನಾ ಎಲ್ಲೂ ಇಲ್ಲ."

ಈ ಹೊತ್ತಿನಲ್ಲಿ ಮಿಥುನ ಹೇಳಬೇಕಾದ ಮಾತು ಒಂದೇ ಇತ್ತು, ಅದು ಬಹಳ ಚಿಕ್ಕದಿತ್ತು. ಆದರೆ ಇಷ್ಟು ವರ್ಷ ಒಂದೇ ದಾರಿಯಲ್ಲಿ ಓಡಿದ ಬುದ್ಧಿ ಅಲ್ಲಿಯೂ ಅದೇ ದಾರಿ ಹಿಡಿಯಿತು.

"ಹಾಗಾದ್ರೆ ಚನ್ನವೀರಾನಾ?" ಎಂದ. "ನನಗಿಂತ ಅವರೇ ಬೆಟರ್ ಅನ್ಸಿದ್ರಾ?"

ಮಾಧುರಿ ಅವನನ್ನು ಸಿಟ್ಟಿಲ್ಲದೆ, ಗುಣವಾಗದ ಮಂಡಿಯನ್ನು ನೋಡುವ ಹಾಗೆ ನೋಡಿದಳು.

"ಅವರಿಗೆ ಒಲ್ಲೆ ಅಂತ ಇವತ್ತ ಮುಂಜಾನೆ ಫೋನ್ ಮಾಡಿ ಹೇಳೀನಿ," ಎಂದಳು. "ನಿಮಗ ಹೌದು ಅನ್ನೂಣು ಅಂತ, ಅಪ್ಪಾರು ಏನರ ಅನ್ಲಿ ಅಂತ, ಇಷ್ಟೊತ್ತನಕ ಇಲ್ಲೇ ನಿಂತಿದ್ದೆ. ನೀವು ಕೇಳಿದ್ದು ನೋಡ್ರಿ."

ಹೆಗಲ ಚೀಲ ಸರಿಮಾಡಿಕೊಂಡು ಅವಳು ಮೆಟ್ಟಿಲಿಳಿದಳು, ಸ್ಕೂಟಿ ಚಾಲೂ ಮಾಡಿದಳು, ಹಡಪಸರದ ರಸ್ತೆಯ ಗದ್ದಲಕ್ಕೆ ಸೇರಿ ಹೋದಳು. ನೀವು ನನಗೆ ಬೇಕು ಎಂಬ ಮಾತು ಆಗ ಮಿಥುನನ ಬಾಯಿಗೆ ಬಂತು. ಅದನ್ನು ಅವನು ಹೇಳಿಯೂ ಹೇಳಿದ, ಸ್ವಲ್ಪ ಜೋರಾಗಿಯೇ. ಜೋಳದ ಚೀಲ ಹೊತ್ತು ಬರುತ್ತಿದ್ದ, ಕನ್ನಡ ಬಾರದ ಹಮಾಲ ತನಗೆ ದಾರಿ ಬಿಡಲು ಹೇಳುತ್ತಿದ್ದಾರೆಂದು ತಿಳಿದು ಪಕ್ಕಕ್ಕೆ ಸರಿದು ನಿಂತ.